ಮೇಷ್ಟ್ರು ಕಿತ್ತಿಟ್ಟ ಬಟನ್ನು

ಮೇಷ್ಟ್ರ ಕೀಬೋರ್ಡಿನಲ್ಲಿ ಒಂದು ಬಟನ್ನು ಇರಲಿಲ್ಲ. ತಾನಾಗಿ ಕಳಚಿ ಬಿದ್ದದ್ದಲ್ಲ. ಎಂಟು ವರ್ಷದ ಹಿಂದೆ ಅವರೇ ಚಾಕುವಿನ ಮೊನೆಯಿಂದ ಮೀಟಿ ಕಿತ್ತು, ಬೆಂಕಿಪೊಟ್ಟಣಕ್ಕೆ ಹಾಕಿ, ಮೇಜಿನ ಡ್ರಾಯರಿನ ಮೂಲೆಗೆ ತಳ್ಳಿದ್ದರು. ‘ಪಿ’ ಅಕ್ಷರದ ಬಟನ್ನು. ಹೊಸ ಕೀಬೋರ್ಡು ತಂದುಕೊಡುತ್ತೇನೆಂದು ಹೆಂಡತಿ ಎಷ್ಟು ಸಲ ಹೇಳಿದರೂ, “ಇದೇ ಕೈಗೆ ಒಗ್ಗಿದೆ ಬಿಡು” ಎಂದು ಜಾರಿಕೊಳ್ಳುತ್ತಿದ್ದರು.

ಮೇಷ್ಟ್ರು ಅಂದರೆ ಶಾಲೆಯ ಮೇಷ್ಟ್ರಲ್ಲ. ಹಗಲು ಹೊತ್ತು ಅವರು ಸಿಟಿ ಬಸ್ ಡಿಪೋದಲ್ಲಿ, ಕಳೆದುಹೋದ ಸಾಮಾನಿನ ಕೌಂಟರಿನಲ್ಲಿ ಕೂರುವ ಗುಮಾಸ್ತ. ಸಂಜೆ ಐದರಿಂದ ಎಂಟರವರೆಗೆ ಒಂದು ವರ್ಚುವಲ್ ಏರ್‌ಲೈನಿನ ಮುಖ್ಯ ತರಬೇತುದಾರ. ಅದು ವಿಮಾನವೇ ಇಲ್ಲದ ವಿಮಾನ ಕಂಪನಿ. ಬೇರೆ ಬೇರೆ ಊರುಗಳಲ್ಲಿ ತಮ್ಮ ಮನೆಯ ಕಂಪ್ಯೂಟರಿನ ಮುಂದೆ ಕೂತ ನಾಲ್ಕುನೂರು ಜನ ಅದರ ಪೈಲಟ್‌ಗಳು. ಆದರೆ ವೇಳಾಪಟ್ಟಿ ಇದೆ, ದರ್ಜೆಗಳಿವೆ, ಪರೀಕ್ಷೆಗಳಿವೆ. ಎರಡು ನಿಮಿಷ ತಡವಾದರೆ ಕಾರಣ ಬರೆದುಕೊಡಬೇಕು. ನೋಡಿದವರಿಗೆ ಮಕ್ಕಳಾಟ, ಒಳಗಿದ್ದವರಿಗೆ ಜೀವನ್ಮರಣದ ಪ್ರಶ್ನೆ. ಹೆಂಡತಿಯಂತೂ ಆ ಕಂಪ್ಯೂಟರಿಗೆ ಸವತಿ ಎಂದೇ ಹೆಸರಿಟ್ಟಿದ್ದಳು. “ಏನ್ರೀ, ಸವತೀನ ಮಲಗಿಸಿ ಊಟಕ್ಕೆ ಬನ್ನಿ” ಎಂದು ಎಂಟಕ್ಕೆ ಸರಿಯಾಗಿ ಕೂಗುತ್ತಿದ್ದಳು.

ಹೊಸಬರನ್ನು ಮೇಷ್ಟ್ರು ಎರಡು ವಾರ ನೆಲ ಬಿಟ್ಟು ಏಳಲು ಬಿಡುತ್ತಿರಲಿಲ್ಲ. ಎಂಜಿನ್ ಶುರು ಮಾಡು, ತಪಾಸಣೆಯ ಪಟ್ಟಿ ಗಟ್ಟಿಯಾಗಿ ಓದು, ಎಂಜಿನ್ ಆರಿಸು. ಮತ್ತೆ ಮೊದಲಿಂದ. ಶಿಷ್ಯನ ಪರದೆ ತಮ್ಮ ಪರದೆಯ ಮೇಲೆ ಕಾಣುತ್ತಿತ್ತು, ಅವನ ಉಸಿರು ಕಿವಿಗೆ ಹಾಕಿದ ಹೆಡ್‌ಫೋನಿನಲ್ಲಿ ಕೇಳುತ್ತಿತ್ತು. ಉಸಿರಿನ ಮೇಲೇ ಇವನು ಈಗ ಗಾಬರಿಯಾಗುತ್ತಾನೆ ಎಂದು ಕಂಡುಹಿಡಿಯುವಷ್ಟು ಅವರ ಕಿವಿ ಪಳಗಿತ್ತು.

ಒಮ್ಮೆ ಶಿಷ್ಯರಲ್ಲಿ ಒಬ್ಬ, ನಲ್ಲಿ ರಿಪೇರಿಯವನು, ತಾಳ್ಮೆ ಕಳೆದುಕೊಂಡ. “ಮೇಷ್ಟ್ರೇ, ಎರಡು ವಾರದಿಂದ ಬರೀ ಹಚ್ಚೋದು, ಆರಿಸೋದು. ಹಾರೋದು ಯಾವಾಗ?”

“ಮನೆಗಳಲ್ಲಿ ನಲ್ಲಿ ಬಿಚ್ಚೋಕೆ ಮುಂಚೆ ಏನ್ ಮಾಡ್ತೀರಿ?”

“ಮೇನ್ ವಾಲ್ವ್ ಬಂದ್ ಮಾಡ್ತೀನಿ.”

“ಆಕಾಶದಲ್ಲಿ ಮೇನ್ ವಾಲ್ವ್ ಇಲ್ಲ. ಅದಕ್ಕೇ ಎಲ್ಲಾ ಇಲ್ಲೇ ಕಲೀಬೇಕು. ಹೂಂ, ಮೊದಲಿಂದ ಓದಿ.”

ಹಾಗೆ ನೋಡಿದರೆ ಈ ಆಟದ ಆಕಾಶದಲ್ಲಿ ಮೇನ್ ವಾಲ್ವ್ ಇತ್ತು. ‘ಪಿ’, ಅಂದರೆ ಪಾಜ್, ಒತ್ತಿದರೆ ಸಾಕು, ಎಲ್ಲ ಇದ್ದಲ್ಲೇ ನಿಲ್ಲುತ್ತದೆ. ನೆಲಕ್ಕೆ ಅಪ್ಪಳಿಸಲಿರುವ ವಿಮಾನ ಗಾಳಿಯಲ್ಲೇ ತೂಗಿಕೊಂಡಿರುತ್ತದೆ. ನೀವು ನೀರು ಕುಡಿದು, ಪುಸ್ತಕ ತಿರುವಿ, ತಪ್ಪು ಹುಡುಕಿಕೊಂಡು ಬಂದು ಮತ್ತೆ ಒತ್ತಿದರೆ ಲೋಕ ಮುಂದುವರಿಯುತ್ತದೆ. ಬೇರೆ ತರಬೇತುದಾರರು ಕಲಿಯುವವರಿಗೆ ಇದೊಂದು ವರ ಎನ್ನುತ್ತಿದ್ದರು. ಮೇಷ್ಟ್ರ ಹತ್ತಿರ ಮಾತ್ರ ಯಾರಾದರೂ ಒಂದೇ ಒಂದು ಸಲ ಅದನ್ನು ಒತ್ತಿದರೆ ಮುಗಿಯಿತು, ಪರೀಕ್ಷೆ ನಪಾಸು. ಮುದುಕನಿಗೆ ತಲೆ ಕೆಟ್ಟಿದೆ ಎಂದು ಶಿಷ್ಯರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಮೇಷ್ಟ್ರಿಗೆ ಇನ್ನೂ ಐವತ್ತೆರಡು.

ತಲೆ ಕೆಟ್ಟಿರಲಿಲ್ಲ. ಕೆಟ್ಟದ್ದು ಬೇರೆ.

ಹತ್ತೊಂಬತ್ತು ವರ್ಷ ಅವರು ಬಸ್ಸು ಓಡಿಸಿದವರು. ಬೆಳಗಿನ ಪಾಳಿ ಮುಗಿಸಿ ಮಧ್ಯಾಹ್ನ ಮನೆಗೆ ಬಂದರೆ ನೇರ ಕಂಪ್ಯೂಟರಿಗೆ. ಬಲಗೈಯಲ್ಲಿ ಜಾಯ್‌ಸ್ಟಿಕ್, ಎಡಗೈ ಕೀಬೋರ್ಡಿನ ಮೇಲೆ. ಕಷ್ಟದ ರನ್‌ವೇಗಳಲ್ಲಿ ಹೆಜ್ಜೆಗೊಂದು ಸಲ ‘ಪಿ’ ಒತ್ತಿ, ಯೋಚಿಸಿ, ಇಳಿಸುತ್ತಿದ್ದರು. ವರ್ಷಗಟ್ಟಲೆ ಹೀಗೇ ನಡೆದು, ಅದು ಬೆರಳಿಗೆ ಕಣ್ಣು ಮಿಟುಕಿಸುವಷ್ಟು ಸಲೀಸಾಗಿತ್ತು.

ಎಂಟು ವರ್ಷದ ಹಿಂದೆ ಒಂದು ಬೆಳಿಗ್ಗೆ, ಹದಿನಾಲ್ಕನೇ ನಂಬರಿನ ಬಸ್ಸು ಇಸ್ತ್ರಿ ಅಂಗಡಿಯ ತಿರುವು ತೆಗೆದುಕೊಂಡಾಗ, ನಿಂತಿದ್ದ ಎರಡು ವ್ಯಾನುಗಳ ನಡುವಿನಿಂದ ಆ ಅಂಗಡಿಯ ಹೆಂಗಸು ರಸ್ತೆಗೆ ಇಳಿದಳು. ಹೆಗಲ ಮೇಲೆ ಹ್ಯಾಂಗರಿಗೆ ಹಾಕಿದ ಆರು ಶರ್ಟುಗಳು. ಮೇಷ್ಟ್ರ ಎಡಗೈ ಸ್ಟಿಯರಿಂಗ್ ಬಿಟ್ಟು ಮೇಲೆದ್ದಿತು. ತೋರುಬೆರಳು ಗಾಳಿಯಲ್ಲಿ ಆ ಬಟನ್ನನ್ನು ಹುಡುಕಿತು. ಕಾಲು ಬ್ರೇಕಿಗೆ ಹೋದದ್ದು ಅದಾದ ಮೇಲೆ.

ಆಕೆ ಉಳಿಯಲಿಲ್ಲ. ವಿಚಾರಣೆ ನಡೆಯಿತು. ಬಸ್ಸಿನ ವೇಗ ಮಿತಿಯೊಳಗಿತ್ತು, ಬ್ರೇಕು ಸರಿಯಿತ್ತು, ಆಕೆ ಏಕಾಏಕಿ ಅಡ್ಡ ಬಂದದ್ದನ್ನು ಮೂವರು ನೋಡಿದ್ದರು. ಡ್ರೈವರನ ತಪ್ಪಿಲ್ಲ ಎಂದು ಕಾಗದವೂ ಬಂತು. ವಿಚಾರಣೆ ಮಾಡುವವರು ಬ್ರೇಕು ಅಳೆಯುತ್ತಾರೆ, ಟೈರು ಅಳೆಯುತ್ತಾರೆ. ಮನುಷ್ಯನ ಎಡಗೈ ಆ ಹೊತ್ತಿಗೆ ಎಲ್ಲಿತ್ತು ಎಂದು ಯಾರು ಕೇಳುತ್ತಾರೆ? ಅವರೂ ಹೇಳಲಿಲ್ಲ. ಅರ್ಧ ಸೆಕೆಂಡಿನ ಲೆಕ್ಕ ಅವರ ಹೊಟ್ಟೆಯೊಳಗೇ ಉಳಿಯಿತು. ಮತ್ತೆ ಸ್ಟಿಯರಿಂಗ್ ಹಿಡಿಯಲಾರೆನೆಂದು ಬರೆದುಕೊಟ್ಟು ಕೌಂಟರಿಗೆ ಬಂದು ಕೂತರು. ಪಾಪ, ಮನಸ್ಸು ಮೆತ್ತಗೆ ಎಂದರು ಡಿಪೋದವರು. ವಿಮಾನ ಹಾರಿಸುವುದನ್ನೂ ಅಂದೇ ಬಿಟ್ಟರು. ಕಲಿಸುವುದನ್ನು ಮಾತ್ರ ಹಿಡಿದುಕೊಂಡರು.

ಕೌಂಟರಿಗೆ ಬಂದ ಮೊದಲ ದಿನವೇ ಅಲ್ಲಿ ಛತ್ರಿಗಳು, ಒಂಟಿ ಕೈಗವಸುಗಳು, ಒಂದು ಹಲ್ಲಿನ ಸೆಟ್ಟು, ಇವುಗಳ ನಡುವೆ ಒಂದು ತಿಳಿನೀಲಿ ಶರ್ಟು ತೂಗುತ್ತಿತ್ತು. ಕಾಲರಿಗೆ ಇಸ್ತ್ರಿ ಅಂಗಡಿಯ ಚೀಟಿ, ಮುನ್ನೂರ ಹದಿನಾರು. ಬಸ್ಸಿನ ಅಡಿ ತೊಳೆಯುವಾಗ ಸಿಕ್ಕಿದ್ದು ಎಂದು ಪುಸ್ತಕದಲ್ಲಿ ಬರೆದಿತ್ತು. ಆರು ತಿಂಗಳು ಯಾರೂ ಕೇಳದ ಸಾಮಾನನ್ನು ವಿಲೇವಾರಿ ಮಾಡಬೇಕೆಂಬುದು ನಿಯಮ. ಎಂಟು ವರ್ಷವಾದರೂ ಅದು ಅಲ್ಲೇ ಇದೆ. ಫ್ಯಾನು ಹಾಕಿದಾಗ ಅದರ ತೋಳು ಒಂಚೂರು ಮೇಲೇಳುತ್ತದೆ, ಆಗ ಮೇಷ್ಟ್ರು ಫ್ಯಾನು ಆರಿಸಿ ಬೆವರುತ್ತಾ ಕೂರುತ್ತಾರೆ.

ಎಲ್ಲಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು. ಆ ಹೆಂಗಸು ಬಿದ್ದದ್ದು ಅವರ ನೆನಪಿನಲ್ಲಿ ಇಲ್ಲವೇ ಇಲ್ಲ. ನಿಂತದ್ದಷ್ಟೇ ಇದೆ. ಬಸ್ಸಿನ ಗಾಜಿನ ತುಂಬ ಅವಳ ಮುಖ, ಏನೋ ಹೇಳಲು ಹೊರಟ ಹಾಗೆ ಅರೆ ತೆರೆದ ಬಾಯಿ, ಹೆಗಲ ಮೇಲೆ ಆರು ಶರ್ಟು. ಅಂದು ಗಾಳಿಯಲ್ಲಿ ಒತ್ತಿದ ಬಟನ್ನು ಬಸ್ಸನ್ನು ನಿಲ್ಲಿಸಲಿಲ್ಲ, ಅವಳನ್ನು ಮಾತ್ರ ನಿಲ್ಲಿಸಿಬಿಟ್ಟಿತ್ತು. ಅವರು ಹಲ್ಲುಜ್ಜುವಾಗ, ಚೀಟಿ ಬರೆಯುವಾಗ, ಯಾರೋ ಕಳೆದುಕೊಂಡ ಕನ್ನಡಕ ಹುಡುಕಿಕೊಡುವಾಗ ಅವಳು ಹಾಗೇ ನಿಂತಿರುತ್ತಾಳೆ. ಮುಂದುವರಿಸುವ ಬಟನ್ನು ಎಲ್ಲಿದೆ ಎಂದು ಅವರಿಗೆ ಗೊತ್ತಿಲ್ಲ.

ಇಂಥ ಮೇಷ್ಟ್ರಿಗೆ ಒಬ್ಬಳೇ ಮಗಳು. ಹನ್ನೆರಡನೇ ವಯಸ್ಸಿನಿಂದ ಅಪ್ಪನ ಪಕ್ಕ ಸ್ಟೂಲು ಹಾಕಿಕೊಂಡು ಕೂತು ವಿಮಾನ ಕಲಿತವಳು. ಈಗ ಇಪ್ಪತ್ನಾಲ್ಕು. ಅಪ್ಪನ ಡಿಪೋದಲ್ಲೇ ಬಸ್ ಡ್ರೈವರ್ ತರಬೇತಿ ಮುಗಿಸಿದ್ದಳು. ಸಂದರ್ಶನದಲ್ಲಿ, “ನಮ್ಮಪ್ಪ ಹತ್ತೊಂಬತ್ತು ವರ್ಷ ಓಡಿಸಿದ್ರು, ಒಂದೇ ಒಂದು ತಪ್ಪಿಲ್ಲ” ಎಂದು ಎದೆಯುಬ್ಬಿಸಿ ಹೇಳಿ ಬಂದಿದ್ದಳು. ಸೋಮವಾರದಿಂದ ಒಬ್ಬಳೇ ಓಡಿಸಬೇಕು. ಹದಿನಾಲ್ಕನೇ ನಂಬರು. ಡ್ಯೂಟಿ ಚೀಟಿ ನೋಡಿ ಮೇಷ್ಟ್ರು, “ಒಳ್ಳೇ ರೂಟು” ಎಂದರು. ಚೀಟಿಯನ್ನು ಎರಡು ಸಲ ಮಡಚಿ ಹಿಂದಿರುಗಿಸಿದರು.

ಹಿಂದಿನ ದಿನ, ಭಾನುವಾರ ಮಧ್ಯಾಹ್ನ, ಮಗಳು ಬಂದು ನಿಂತಳು. “ಅಪ್ಪಾ, ದೊಡ್ಡ ವಿಮಾನದ ಕ್ಯಾಪ್ಟನ್ ಪರೀಕ್ಷೆ ಇವತ್ತೇ ಮುಗಿಸಿಬಿಡು. ನಾಳೆಯಿಂದ ಪುರುಸೊತ್ತಿರಲ್ಲ.”

ಅವಳ ಕಂಪ್ಯೂಟರು ಅವಳ ಕೋಣೆಯಲ್ಲಿ. ಎಂದಿನಂತೆ ಮೇಷ್ಟ್ರು ತಮ್ಮ ಕೋಣೆಯಿಂದಲೇ ನೋಡುವವರು. ಅಂದು ಹೆಡ್‌ಫೋನು ಕೈಕೊಟ್ಟಿತು. ಗೋಡೆಯಾಚೆ ಕೂಗಾಡುವುದೇಕೆಂದು ಹೋಗಿ ಅವಳ ಕುರ್ಚಿಯ ಹಿಂದೆ ನಿಂತರು. ಇಷ್ಟು ವರ್ಷ ಅವರು ನೂರಾರು ಜನರ ಪರದೆ ನೋಡಿದ್ದರು, ಉಸಿರು ಕೇಳಿದ್ದರು. ಯಾರ ಕೈಯನ್ನೂ ನೋಡಿರಲಿಲ್ಲ.

ಮಗಳು ಚೆನ್ನಾಗಿ ಹಾರಿಸಿದಳು. ಪಟ್ಟಿ ಓದಿದ್ದು ಸ್ಪಷ್ಟ, ವೇಗ ಕರಾರುವಾಕ್ಕು. ಐನೂರು ಅಡಿಗೆ ಬರುವ ಹೊತ್ತಿಗೆ ಚಕ್ರ, ರೆಕ್ಕೆ, ದಿಕ್ಕು ಎಲ್ಲ ಸರಿಯಿತ್ತು. ಇನ್ನೂರು ಅಡಿಯಿರುವಾಗ, ಮೇಷ್ಟ್ರು ಮೊದಲೇ ಹೊಂದಿಸಿಟ್ಟಂತೆ, ಇನ್ನೊಂದು ವಿಮಾನ ರನ್‌ವೇಗೆ ನುಗ್ಗಿ ಅಡ್ಡ ನಿಂತಿತು. ಈಗ ಮಾಡಬೇಕಾದ್ದು ಒಂದೇ: ಎಡಗೈಯಿಂದ ಎಂಜಿನ್ ಶಕ್ತಿಯ ಲಿವರನ್ನು ಪೂರ್ತಿ ಮುಂದೆ ತಳ್ಳಿ ಮತ್ತೆ ಮೇಲೇರುವುದು.

ಮಗಳ ಎಡಗೈ ಲಿವರನ್ನು ಬಿಟ್ಟು ಎದ್ದಿತು. ತೋರುಬೆರಳು ಕೀಬೋರ್ಡಿನ ಮೇಲಿನ ಮೂಲೆಗೆ ಹೋಗಿ ‘ಪಿ’ಯ ಮೇಲೆ ಕೂದಲೆಳೆಯಷ್ಟು ಅಂತರದಲ್ಲಿ ನಿಂತಿತು. ಒತ್ತಲಿಲ್ಲ. ಪರೀಕ್ಷೆ ಎಂದು ನೆನಪಾಗಿರಬೇಕು. ಮರಳಿ ಬಂದು ಲಿವರನ್ನು ತಳ್ಳಿತು. ವಿಮಾನ ಅಡ್ಡ ನಿಂತದ್ದರ ಬಾಲದ ಮೇಲಿಂದ ಹಾರಿಹೋಯಿತು.

“ಹೆಂಗೆ?” ಎಂದು ಕುರ್ಚಿಯನ್ನೇ ತಿರುಗಿಸಿ ನಕ್ಕಳು ಮಗಳು.

“ನಪಾಸು.”

“ಏನು? ತಮಾಷೆ ಮಾಡ್ಬೇಡ. ಲಾಗ್ ನೋಡು, ಎಲ್ಲಾ ಸರಿಯಿದೆ. ಪಾಜ್ ಸೊನ್ನೆ.”

“ಕೈ ಹೋಯ್ತು.”

“ಒತ್ತಿಲ್ವಲ್ಲ!”

“ಹೋಯ್ತಲ್ಲ ಪುಟ್ಟಿ.”

ಅವಳ ಮುಖ ಕೆಂಪೇರಿತು. “ಅದನ್ನ ನನಗೆ ಹೇಳಿಕೊಟ್ಟಿದ್ದೇ ನೀನು. ತಲೆ ಗೊಂದಲ ಆದ್ರೆ ಇದನ್ನ ಒತ್ತು ಮರಿ, ಪ್ರಪಂಚ ನಿಲ್ಲುತ್ತೆ, ಆಮೇಲೆ ನಿಧಾನಕ್ಕೆ ಯೋಚನೆ ಮಾಡು ಅಂದಿದ್ದೆ. ಆಗ ನನಗೆ ಹನ್ನೆರಡು. ಈಗ ಅದೇ ತಪ್ಪು ಅಂತೀಯಾ? ಇದೊಂದು ಆಟ ಅಪ್ಪಾ. ಇಲ್ಲಿ ಬಿದ್ರೆ ಯಾರೂ ಸಾಯಲ್ಲ!”

ಮೇಷ್ಟ್ರು ಮಂಚದ ಅಂಚಿಗೆ ಕೂತರು. ಅವರಿಗೆ ತಾವು ಅಂದದ್ದು ಮರೆತೇ ಹೋಗಿತ್ತು. ಈಗ ಸುಮ್ಮನಿದ್ದರೆ ಮಗಳ ಕಣ್ಣಿನಲ್ಲಿ ಅವರು ಒಂದೂ ತಪ್ಪಿಲ್ಲದ ಡ್ರೈವರ್ ಆಗಿಯೇ ಉಳಿಯುತ್ತಾರೆ. ನಾಳೆ ಅವಳು ಆ ಬೆರಳನ್ನು ಹೊತ್ತುಕೊಂಡು ಆ ತಿರುವಿಗೆ ಹೋಗುತ್ತಾಳೆ. ಎದ್ದು ಹೋಗಿ ಡ್ರಾಯರಿನಿಂದ ಬೆಂಕಿಪೊಟ್ಟಣ ತಂದು ಅವಳ ಅಂಗೈ ಮೇಲೆ ಬೋರಲು ಹಾಕಿದರು.

“ಇಸ್ತ್ರಿ ಅಂಗಡಿಯವಳು ಅಡ್ಡ ಬಂದಾಗ ನನ್ನ ಕೈ ಇದನ್ನ ಹುಡುಕ್ತು.”

ಮಗಳು ಬಟನ್ನನ್ನು ನೋಡಿದಳು. ಮಗುಚಿ ‘ಪಿ’ ಓದಿದಳು. “ಬಸ್ಸಲ್ಲೇನಾ?”

“ಬಸ್ಸಲ್ಲಿ.”

“ಬ್ರೇಕು?”

“ಆಮೇಲೆ.”

“ಎಷ್ಟು ಹೊತ್ತಾದ ಮೇಲೆ?”

“ಈಗ ವಿಮಾನ ಅಡ್ಡ ಬಂದಾಗ ನೀನು ತಗೊಂಡಷ್ಟೇ.”

ಅಡುಗೆಮನೆಯಲ್ಲಿ ನಲ್ಲಿಯ ನೀರು ಬೀಳುವ ಸದ್ದು ಕೇಳುತ್ತಿತ್ತು. “ಅಮ್ಮಂಗೆ ಗೊತ್ತಾ?” ಎಂದು ಮಗಳು ಪಿಸುಗುಟ್ಟಿದಳು. ಮೇಷ್ಟ್ರು ತಲೆಯಾಡಿಸಿದರು, ಇಲ್ಲ. ಬಿಡಪ್ಪಾ, ನಿನ್ನ ತಪ್ಪಲ್ಲ ಎಂದು ಅವಳು ಹೇಳಬಹುದು ಎಂಬ ಆಸೆ ಅವರಿಗೆ ಇತ್ತು, ಇಲ್ಲವೆಂದರೆ ಸುಳ್ಳಾಗುತ್ತದೆ. ಅವಳು ಹೇಳಲಿಲ್ಲ. ಬಟನ್ನನ್ನು ಪೊಟ್ಟಣಕ್ಕೆ ಹಾಕಿ ಮುಚ್ಚಿ, ಕುರ್ಚಿಯನ್ನು ಪರದೆಯ ಕಡೆಗೆ ತಿರುಗಿಸಿದಳು.

“ಮತ್ತೆ ಹಾಕು. ಅದೇ ರನ್‌ವೇ.”

ಒಂಬತ್ತು ಸಲ ಕೈ ಎದ್ದಿತು. ಹತ್ತನೆಯ ಸಲ ಬೆರಳು ಮಾತ್ರ ಅಲುಗಿತು. ಹನ್ನೊಂದನೆಯದಕ್ಕೆ ಮತ್ತೆ ಎದ್ದಿತು, ಮಗಳು ತನ್ನ ಕೈಯನ್ನೇ ಬೈದುಕೊಂಡಳು. ಅಡ್ಡ ಬರುವ ವಿಮಾನವನ್ನು ಮೇಷ್ಟ್ರು ಒಮ್ಮೆ ಬಲದಿಂದ, ಒಮ್ಮೆ ಎಡದಿಂದ, ಒಮ್ಮೆ ಬಾರದೆಯೇ ಇರುವಂತೆ ಬದಲಿಸುತ್ತಾ ಹೋದರು. ಹತ್ತೊಂಬತ್ತನೆಯ ಸಲಕ್ಕೆ ಎಡಗೈ ಎಲ್ಲೂ ಹೋಗದೆ ನೇರ ಲಿವರನ್ನು ತಳ್ಳಿತು. ಇಪ್ಪತ್ತು, ಇಪ್ಪತ್ತೊಂದು, ಇಪ್ಪತ್ತೆರಡೂ ಹಾಗೆಯೇ. ಅಷ್ಟು ಹೊತ್ತೂ ಅವಳು ಒಮ್ಮೆಯೂ ಅಪ್ಪನ ಮುಖ ನೋಡಲಿಲ್ಲ.

ಬೆಳಿಗ್ಗೆ ಷೂ ಕಟ್ಟಿಕೊಳ್ಳುತ್ತಾ ಹೇಳಿದಳು: “ಇವತ್ತು ಹದಿನಾಲ್ಕನೇ ನಂಬರ್ ಬಸ್ ಹತ್ತು. ನನ್ನ ಹಿಂದಿನ ಸೀಟಲ್ಲಿ ಕೂತ್ಕೋ. ಕೈ ನೋಡ್ತಾ ಇರು.”

ಎಂಟು ವರ್ಷದಿಂದ ಮೇಷ್ಟ್ರು ಆ ಬಸ್ಸು ಹತ್ತಿರಲಿಲ್ಲ, ಡಿಪೋಗೆ ನಡೆದೇ ಹೋಗುತ್ತಿದ್ದರು. ಅಂದು ಹತ್ತಿದರು. ಮಗಳ ಹೆಗಲ ಮೇಲಿಂದ ಅವಳ ಎರಡು ಕೈಗಳನ್ನೇ ನೋಡುತ್ತಾ ಕೂತರು. ನಾಲ್ಕು ನಿಲ್ದಾಣ ಕಳೆಯಿತು. ಇಸ್ತ್ರಿ ಅಂಗಡಿಯ ಬೋರ್ಡು ಈಗ ಬೇರೆ ಬಣ್ಣ. ಗಾಜಿನ ಹಿಂದೆ ಸಾಲಾಗಿ ಶರ್ಟುಗಳು ತೂಗುತ್ತಿದ್ದವು. ಮಗಳು ನಿಧಾನ ಮಾಡಿ ತಿರುಗಿಸಿದಳು. ನಿಂತಿದ್ದ ಒಂದು ಲಾರಿಯ ಮರೆಯಿಂದ ಸೈಕಲ್ಲಿನವನೊಬ್ಬ ಎಡಬಲ ನೋಡದೆ ಧುತ್ತೆಂದು ಎದುರಿಗೆ ಬಂದ.

ಬಸ್ಸು ಗಕ್ಕನೆ ನಿಂತಿತು. ನಿಂತಿದ್ದವರೆಲ್ಲ ಒಬ್ಬರ ಮೇಲೊಬ್ಬರು ವಾಲಿದರು, ಯಾರದೋ ಚೀಲ ಉರುಳಿತು. ಸೈಕಲ್ಲಿಗೂ ಬಸ್ಸಿಗೂ ನಡುವೆ ಒಂದು ಮಾರು ಜಾಗ ಉಳಿದಿತ್ತು. ಅವನು ತಪ್ಪಾಯಿತೆನ್ನುವಂತೆ ಕೈಯೆತ್ತಿ, ಪೆಡಲು ತುಳಿದು ಹೋಗಿಬಿಟ್ಟ. “ಪರವಾಗಿಲ್ಲ, ಹುಡುಗಿ ಗಟ್ಟಿ ಇದಾಳೆ” ಎಂದರು ಹಿಂದಿನಿಂದ ಯಾರೋ.

ಮಗಳ ಎರಡೂ ಕೈ ಸ್ಟಿಯರಿಂಗಿನ ಮೇಲೇ ಇದ್ದವು. ನಿನ್ನೆಯಿಂದ ಮೊದಲ ಸಲ ಅವಳು ಕನ್ನಡಿಯಲ್ಲಿ ಅಪ್ಪನ ಮುಖ ನೋಡಿದಳು. ಮೇಷ್ಟ್ರು ತಲೆಯಾಡಿಸಿದರು, ಪಾಸು. ಅವಳು ಗೇರು ಹಾಕಿ ಬಸ್ಸು ಹೊರಡಿಸಿದಳು.

ಆಮೇಲೆ ಅವರು ಕೆಳಗೆ ನೋಡಿದರು. ಅವರ ಎಡಗೈಯ ತೋರುಬೆರಳು ಮುಂದಿದ್ದ ಕಂಬಿಯನ್ನು ಒತ್ತಿ ಹಿಡಿದಿತ್ತು, ಉಗುರು ಬೆಳ್ಳಗಾಗುವಷ್ಟು. ಎತ್ತಲು ನೋಡಿದರು, ಬರಲಿಲ್ಲ. ಗಾಜಿನಾಚೆ ರಸ್ತೆ ಹಿಂದೆ ಸರಿಯುತ್ತಿತ್ತು. ಹೆಗಲ ಮೇಲೆ ಆರು ಶರ್ಟು ಹೊತ್ತವಳು ಮಾತ್ರ, ಬಾಯಿ ಅರೆ ತೆರೆದು, ಇದ್ದಲ್ಲೇ ನಿಂತಿದ್ದಳು.