ಆಕಾಶದವರ ಅಂಗಿ ಹೊಲಿದ ನೇತ್ರಾವತಿ

ಕೊಪ್ಪಳ ಬೇರೆ ಜಿಲ್ಲೆಯಾದ ವರ್ಷ, ಅಂದರೆ ೧೯೯೭ರಲ್ಲಿ, ಮರಳಿಯ ನೇತ್ರಾವತಿ ಎಸ್ಸೆಸ್ಸೆಲ್ಸಿ ಗಣಿತದಲ್ಲಿ ಫೇಲಾದಳು. ಅಪ್ಪ ಹುಚ್ಚೀರಪ್ಪ ಬೈಯಲಿಲ್ಲ. ಮಂದಿಯ ಗದ್ದೆಯಲ್ಲಿ ನಾಟಿ ಮುಗಿಸಿ ಬಂದು, ಕಾಲಿನ ಕೆಸರು ತೊಳೆದುಕೊಳ್ಳುತ್ತಲೇ ಕೇಳಿದ, "ಕೈ ಕೆಲಸ ಏನರ ಕಲೀತೀಯೇನವಾ?"

ಮರುವಾರ ಅವಳು ಬಸ್ಸು ಹತ್ತಿ ಗಂಗಾವತಿಗೆ ಹೋದಳು. ಅಲ್ಲಿ ಶಹನಾಜಬೇಗಂ ಎಂಬ ಹೆಂಗಸು ಮನೆಯ ಪಡಸಾಲೆಯಲ್ಲೇ ಹೊಲಿಗೆ ಕಲಿಸುತ್ತಿದ್ದಳು. ಯಾರು ಏನೇ ಹೊಲಿದು ತಂದರೂ ಆಕೆ ಮೊದಲು ಬಟ್ಟೆಯನ್ನು ತಿರುವಿ ಒಳಮೈ ನೋಡುತ್ತಿದ್ದಳು. "ಹೊರಗ ಎಲ್ಲಾರೂ ಛಂದ ಹೊಲೀತಾರ. ಒಳಗ ನೋಡು, ನೇತ್ರಾ," ಎಂದು ಹೇಳಿ ಆಕೆ ಬಿಚ್ಚಿಸಿದ ಹೊಲಿಗೆಗಳಿಗೆ ಲೆಕ್ಕವಿಲ್ಲ.

ಐದು ವರ್ಷದ ಮೇಲೆ ನೇತ್ರಾವತಿಯ ಮದುವೆ ಕುಕನೂರಿನ ಹನುಮೇಶನ ಜೊತೆ ಆಯಿತು. ಅವನು ಸೈನ್ಯದಲ್ಲಿ ಪ್ಯಾರಾಶೂಟ್ ಕಟ್ಟಿಕೊಂಡು ವಿಮಾನದಿಂದ ಜಿಗಿಯುವ ತುಕಡಿಯಲ್ಲಿದ್ದ. ಸಂಸಾರ ಆಗ್ರಾಕ್ಕೆ ಹೋಯಿತು. ಅಲ್ಲಿ ಒಂದು ಮುಂಜಾನೆ ಬಯಲಿನಲ್ಲಿ ನಿಂತು, ಗಂಡ ಆಕಾಶದಿಂದ ಇಳಿದು ಬರುವುದನ್ನು ಅವಳು ಮೊದಲ ಸಲ ನೋಡಿದಳು. ಹೆದರಿಕೆಯ ಬದಲು ಅವಳಿಗೆ ಒಂದು ಪ್ರಶ್ನೆ ಹುಟ್ಟಿತು.

"ಇದನ್ನ ಹೊಲಿಯಾವರು ಯಾರ್‍ರೀ?"

ಹನುಮೇಶ ನಕ್ಕ. ಆದರೆ ಅವಳು ಬಿಡಲಿಲ್ಲ. ಕ್ರೀಡಾ ಪ್ಯಾರಾಶೂಟುಗಳನ್ನು ದುರಸ್ತಿ ಮಾಡುವ ಒಂದು ಸಣ್ಣ ಖಾಸಗಿ ಕಾರ್ಖಾನೆ ಕ್ವಾರ್ಟರ್ಸಿನಿಂದ ಎರಡು ಮೈಲಿ ದೂರದಲ್ಲಿತ್ತು. ಅಲ್ಲಿಯ ಮೇಸ್ತ್ರಿ, ಕೆಲಸ ಕೇಳಿ ಹೋದವಳಿಗೆ ಹರಿದ ಒಂದು ತುಂಡು ನೈಲಾನ್ ಕೊಟ್ಟು "ಜೋಡಿಸು" ಎಂದ. ಮೀನಿನ ಹಾಗೆ ಕೈಯಿಂದ ಜಾರುವ ಬಟ್ಟೆ ಅದು. ನೇತ್ರಾವತಿ ಜೋಡಿಸಿ ಕೊಟ್ಟಳು. ಮೇಸ್ತ್ರಿ ಅದನ್ನು ತಿರುವಿ ಒಳಮೈ ನೋಡಿದ. ಮರುದಿನವೇ ಕೆಲಸಕ್ಕೆ ಬಾ ಎಂದ. ಒಂಬತ್ತು ವರ್ಷ ಅವಳು ಅಲ್ಲಿ ದುಡಿದಳು.

೨೦೧೪ರಲ್ಲಿ ಹನುಮೇಶ ನಿವೃತ್ತನಾಗಿ ಕೊಪ್ಪಳದ ಒಂದು ಸರಕಾರಿ ಕಚೇರಿಯಲ್ಲಿ ಕಾವಲುಗಾರನಾದ. ನೇತ್ರಾವತಿ ಕುಕನೂರು ಬಸ್ ನಿಲ್ದಾಣದ ಹಿಂದೆ ಅಂಗಡಿ ಹಾಕಿದಳು. ಜಂಪರು, ಸಾಲಿ ಹುಡುಗರ ಯೂನಿಫಾರಂ, ಸೀರೆಯ ಫಾಲು. ಜೊತೆಗೆ ಆಗೀಗ ಒಂದು ವಿಚಿತ್ರ ಪಾರ್ಸೆಲ್ ಬರುತ್ತಿತ್ತು. ಹನುಮೇಶನ ಹಳೆಯ ಗೆಳೆಯರು ಜಿಗಿತದ ಕ್ಲಬ್ಬುಗಳಲ್ಲಿದ್ದರು. ಹರಿದದ್ದನ್ನೆಲ್ಲ ಇಲ್ಲಿಗೆ ಕಳಿಸುತ್ತಿದ್ದರು.

ಅಂಥ ಒಂದು ಪಾರ್ಸೆಲ್ಲಿನಲ್ಲಿ ವಿಂಗ್‌ಸೂಟ್ ಬಂತು. ಕೈಗೂ ಮೈಗೂ ನಡುವೆ, ಎರಡು ಕಾಲುಗಳ ನಡುವೆ ಬಟ್ಟೆಯ ರೆಕ್ಕೆಯಿರುವ ದಿರಿಸು ಅದು. ವಿಮಾನದಿಂದ ಹಾರಿದಾಗ ರೆಕ್ಕೆಯೊಳಗಿನ ಚೀಲಗಳಲ್ಲಿ ಗಾಳಿ ತುಂಬಿ, ಮನುಷ್ಯ ನೆಟ್ಟಗೆ ಬೀಳದೆ ಮುಂದಕ್ಕೆ ತೇಲುತ್ತಾನೆ. ಕೊನೆಗೆ ಪ್ಯಾರಾಶೂಟ್ ಬಿಚ್ಚಿ ಇಳಿಯುತ್ತಾನೆ. ಅದರ ಒಡತಿ ಇನೆಸ್ ಎಂಬ ಪೋರ್ಚುಗಲ್ ಹೆಂಗಸು, ಪ್ರದರ್ಶನಕ್ಕೆಂದು ಪುಣೆಗೆ ಬಂದಿದ್ದಳು. ನೇತ್ರಾವತಿ ಹೊಲಿದು ಕಳಿಸಿದಳು, ಮರೆತಳು. ಇನೆಸ್ ಮರೆಯಲಿಲ್ಲ. ೨೦೧೯ರಲ್ಲಿ ಪತ್ರ ಬಂತು: ನಮ್ಮ ದೇಶದಲ್ಲಿ ವಿಂಗ್‌ಸೂಟ್ ಹಬ್ಬವಿದೆ, ಒಂದು ವಾರ, ದುರಸ್ತಿಯ ಕೆಲಸಕ್ಕೆ ನೀನು ಬೇಕು, ನಿನ್ನ ಗಂಡನನ್ನೂ ಕರೆತಾ.

ಪಾಸ್‌ಪೋರ್ಟ್ ತನಿಖೆಗೆ ಬಂದ ಪೊಲೀಸ ಅಂಗಡಿಯ ಬಾಗಿಲಲ್ಲೇ ನಿಂತು ಕೇಳಿದ, "ಪೋರ್ಚುಗಲ್ಲಿಗೆ ಏನ್ ಮಾಡಾಕ ಹೊಂಟೀರವಾ?"

"ಹೊಲಿಯಾಕ್ರಿ."

ಪೊಲೀಸ ಒಂದು ಗಳಿಗೆ ಅವಳ ಮುಖ ನೋಡಿ, ಹಾಗೆಯೇ ಬರೆದುಕೊಂಡ.

ಹಬ್ಬದ ಜಾಗ ಪೋರ್ಚುಗಲ್ಲಿನ ದಕ್ಷಿಣದ ಬಯಲುಸೀಮೆಯಲ್ಲಿತ್ತು. ಕಣ್ಣು ಹರಿಯುವಷ್ಟು ದೂರ ಒಣಹುಲ್ಲು, ಮೇಲೆ ಅಗಾಧ ಬಾನು. ಇನ್ನೂರು ಜನ ಹಾರುವವರು ಸೇರಿದ್ದರು. ನೇತ್ರಾವತಿಗೆ ಒಂದು ಡೇರೆ, ಒಂದು ದೊಡ್ಡ ಮಿಷನ್ ಕೊಟ್ಟರು. ಅವಳು ಸೀರೆಯುಟ್ಟು, ಕಾಲಿಗೆ ಬೂಟು ಹಾಕಿಕೊಂಡು ಕೂತಳು. ನಾಲ್ಕು ದಿನ ಒಬ್ಬರೂ ಬರಲಿಲ್ಲ. ಎಲ್ಲರೂ ಪಕ್ಕದಲ್ಲಿ ವ್ಯಾನು ನಿಲ್ಲಿಸಿಕೊಂಡಿದ್ದ ಅಲ್ಲಿಯದೇ ದುರಸ್ತಿಗಾರನ ಹತ್ತಿರ ಹೋದರು.

"ಕರಸಿ ಸುಮ್ಮನ ಕುಂದರಿಸ್ಯಾರಲ್ರಿ," ಎಂದಳು ಗಂಡನಿಗೆ. ಅವಳಿಗೆ ಅವಮಾನವಾಗಿತ್ತು.

ಹಬ್ಬದ ದೊಡ್ಡ ಗುರಿ ಬೇರೆಯೇ ಇತ್ತು. ನಲವತ್ತೆಂಟು ಜನ ಒಟ್ಟಿಗೆ ಹಾರಿ, ಆಕಾಶದಲ್ಲಿ ಬಾಣದ ಮೊನೆಯ ಆಕಾರದಲ್ಲಿ ಸಾಲು ಕಟ್ಟಬೇಕು. ಎಲ್ಲರಿಗಿಂತ ಮುಂದೆ ಇನೆಸ್. ಅವಳನ್ನು ನೋಡಿಕೊಂಡೇ ಉಳಿದವರು ತಮ್ಮ ಜಾಗ ಹಿಡಿಯಬೇಕು. ಮೂರು ಸಲ ಪ್ರಯತ್ನಿಸಿದ್ದರು, ಮೂರು ಸಲವೂ ಸಾಲು ಮುರಿದಿತ್ತು. ಐದನೆಯ ದಿನ ಬೆಳಿಗ್ಗೆ ಇನ್ನೊಂದು ಕೇಡಾಯಿತು. ಇಳಿಯುವಾಗ ಗಾಳಿ ಇನೆಸಳನ್ನು ಹೊಲದ ಮುಳ್ಳುತಂತಿಯ ಬೇಲಿಗೆ ಎಳೆದೊಯ್ದಿತು. ಅವಳಿಗೆ ತರಚಿದ ಗಾಯ ಅಷ್ಟೇ, ಆದರೆ ಬಲರೆಕ್ಕೆ ಬಗಲಿನಿಂದ ಮುಂಗೈತನಕ ಸೀಳಿಹೋಯಿತು. ಪಕ್ಕದ ದುರಸ್ತಿಗಾರ ನೋಡಿ, ಇದು ಕಾರ್ಖಾನೆಗೇ ಹೋಗಬೇಕು ಎಂದುಬಿಟ್ಟ. ಬೇರೆಯವರ ಸೂಟು ಹಾಕಿಕೊಂಡು ಮುಂದಾಳಾಗಿ ಹಾರುವುದು ಅಪಾಯ.

ಇನೆಸ್ ಹರಿದ ರೆಕ್ಕೆಯನ್ನು ತೋಳ ಮೇಲೆ ಹಾಕಿಕೊಂಡು ನೇತ್ರಾವತಿಯ ಡೇರೆಗೆ ಬಂದಳು. ಹನುಮೇಶ ಸೈನ್ಯದಲ್ಲಿ ಕಲಿತ ಇಂಗ್ಲಿಷಿನಲ್ಲಿ ಮಾತು ದಾಟಿಸಿದ. "ಆಗತೈತೇನು ಅಂತ ಕೇಳಾಕತ್ಯಾಳ."

ನೇತ್ರಾವತಿ ರೆಕ್ಕೆಯನ್ನು ಪೂರಾ ಒಳಹೊರಗು ಮಾಡಿ ನೋಡಿದಳು. ಒಳಗಿನ ಎಂಟು ಚೀಲಗಳ ಪೈಕಿ ಐದರ ಗೋಡೆ ಹರಿದಿತ್ತು. "ಆಗತೈತಿ. ಸಂಜಿ ನಾಕಕ್ಕ ಕೊಡ್ತೀನಿ. ಅಲ್ಲೀತನಕ ಯಾರೂ ಮಾತಾಡಸಬ್ಯಾಡ್ರಿ."

ಒಳಗಿನ ಗೋಡೆಗಳನ್ನು ಒಂದೊಂದಾಗಿ ಕೂಡಿಸಿ, ಆಮೇಲೆ ಮೇಲ್ಬಟ್ಟೆ ಮುಚ್ಚಿ ಹೊಲಿದಳು. ಊಟಕ್ಕೆ ಏಳಲಿಲ್ಲ. ನಾಲ್ಕಕ್ಕೆ ಹತ್ತು ನಿಮಿಷವಿರುವಾಗ ಕೊನೆಯ ದಾರ ಕತ್ತರಿಸಿದಳು. ಡೇರೆಯ ಹೊರಗೆ ಹಾರುವವರ ಗುಂಪೇ ನಿಂತಿತ್ತು. ಇನೆಸ್ ಕೈ ಚಾಚಿದಳು.

ನೇತ್ರಾವತಿ ಕೊಡಲಿಲ್ಲ. ಬಟ್ಟಲಲ್ಲಿದ್ದ ಗುಂಡುಪಿನ್ನುಗಳನ್ನು ಎಣಿಸುತ್ತಿದ್ದಳು. ಹೊಲಿಯುವ ಮುಂಚೆ ಬಟ್ಟೆ ಹಿಡಿದಿಡಲು ಮೂವತ್ತಾರು ತೆಗೆದುಕೊಂಡಿದ್ದಳು. ಬಟ್ಟಲಲ್ಲಿ ಮೂವತ್ತೈದಿದ್ದವು. ಮತ್ತೆ ಎಣಿಸಿದಳು. ಮೂವತ್ತೈದೇ.

"ಒಂದು ಪಿನ್ನು ಸಿಗವಲ್ದು," ಎಂದಳು.

ಹನುಮೇಶ ಹೇಳಿದ್ದಕ್ಕೆ ಇನೆಸ್ ಹೆಗಲು ಕುಣಿಸಿ ಏನೋ ಅಂದಳು. "ಒಂದು ಪಿನ್ನಿಗೆ ಏನಾಗತೈತಿ, ಕತ್ತಲಾಗೂದ್ರಾಗ ಹಾರಿ ನೋಡಬೇಕು, ಟೈಮಿಲ್ಲ ಅಂತಾಳ, ನೇತ್ರಾ."

"ಅದು ಆಕಿ ಬಗಲಾಗ ಚುಚ್ಚಿದ್ರ ಆಕಿ ಕೈ ಅಲ್ಲಾಡಸ್ತಾಳ. ಆಕಿ ಅಲ್ಲಾಡಿದ್ರ ಹಿಂದಿನ ನಲವತ್ತೇಳು ಮಂದಿ ಅಲ್ಲಾಡತಾರ. ಪಿನ್ನು ಸಿಗೋತನಕ ನಾ ಕೊಡಂಗಿಲ್ಲ. ಹಂಗ ಹೇಳ್ರಿ."

ಹನುಮೇಶ ಹಾಗೆಯೇ ಹೇಳಿದ. ನೇತ್ರಾವತಿ ಕಣ್ಣು ಮುಚ್ಚಿ, ಅಕ್ಕಿಯಲ್ಲಿ ಹರಳು ಹುಡುಕುವಂತೆ ಬೆರಳ ತುದಿಯಿಂದ ಒಂದೊಂದೇ ಚೀಲ ಒತ್ತುತ್ತ ಬಂದಳು. ಇಪ್ಪತ್ತು ನಿಮಿಷ ಹೋಯಿತು. ಆರನೆಯ ಚೀಲದ ಮೂಲೆಯಲ್ಲಿ ಬೆರಳು ನಿಂತಿತು. ನಾಲ್ಕು ಹೊಲಿಗೆ ಬಿಚ್ಚಿ, ಪಿನ್ನು ಹೊರತೆಗೆದು, ಮತ್ತೆ ಹೊಲಿದು, ಸೂಟನ್ನು ಎರಡೂ ಕೈಯಿಂದ ಎತ್ತಿ ಕೊಟ್ಟಳು. ಇನೆಸ್ ಆ ಪಿನ್ನನ್ನೇ ಕೇಳಿ ತೆಗೆದುಕೊಂಡು ದಿಟ್ಟಿಸಿದಳು. ಅದು ನಿಂತಿದ್ದ ಜಾಗ ಅವಳ ಪಕ್ಕೆಲುಬಿಗೆ ನೇರವಾಗಿತ್ತು. ಅವಳು ನೇತ್ರಾವತಿಯನ್ನು ಬಾಚಿ ತಬ್ಬಿಕೊಂಡಳು.

ಆ ಸಂಜೆಯೇ ಇನೆಸ್ ಒಬ್ಬಳೇ ಹಾರಿ ರೆಕ್ಕೆಯನ್ನು ಪರೀಕ್ಷಿಸಿದಳು. ಇಳಿದವಳು ಹೆಬ್ಬೆರಳು ಎತ್ತಿ ತೋರಿಸಿದಳು.

ಮರುದಿನ ಹತ್ತು ಗಂಟೆಗೆ ಮೂರು ವಿಮಾನಗಳು ಮೇಲೇರಿದವು. ನೇತ್ರಾವತಿ ಹುಲ್ಲಿನಲ್ಲಿ ನಿಂತು ಕಣ್ಣಿಗೆ ಕೈ ಮರೆ ಮಾಡಿದಳು. ಮೊದಲು ಚುಕ್ಕಿಗಳು. ಆಮೇಲೆ ಚುಕ್ಕಿಗಳು ಒಂದಕ್ಕೊಂದು ಹತ್ತಿರ ಸರಿದು, ಮರಳಿಯ ಗದ್ದೆಯ ಮೇಲೆ ಸಂಜೆ ಹೋಗುವ ಬೆಳ್ಳಕ್ಕಿಗಳ ಹಾಗೆ ಸಾಲುಗೂಡಿದವು. ಸಾಲು ಅಲುಗಲಿಲ್ಲ. ಅವಳು ಉಸಿರು ಬಿಟ್ಟಿದ್ದು ನಲವತ್ತೆಂಟು ಬಣ್ಣಬಣ್ಣದ ಪ್ಯಾರಾಶೂಟುಗಳು ಅರಳಿದ ಮೇಲೆಯೇ. ತೀರ್ಪುಗಾರರು ಆಕಾಶದಲ್ಲಿ ತೆಗೆದ ಫೋಟೋ ನೋಡಿ ಎಲ್ಲರೂ ಅವರವರ ಜಾಗದಲ್ಲಿದ್ದಾರೆ ಎಂದು ಸಾರಿದಾಗ ಬಯಲೆಲ್ಲ ಕೇಕೆ. ಯಾರೋ ಅವಳನ್ನು ಎತ್ತಿ ಬೆಂಚಿನ ಮೇಲೆ ನಿಲ್ಲಿಸಿದರು. ಆ ಮಧ್ಯಾಹ್ನ ಅವಳ ಡೇರೆಯ ಮುಂದೆ ಸೂಟು ಹಿಡಿದವರ ಪಾಳಿ ಹತ್ತಿತ್ತು. ಪಕ್ಕದ ದುರಸ್ತಿಗಾರನೂ ಬಂದು, ಒಳಗಿನ ಗೋಡೆ ಹೇಗೆ ಕೂಡಿಸಿದೆ ತೋರಿಸು ಎಂದು ಕೇಳಿ, ಕೂತು ನೋಡಿ ಹೋದ.

ಕೊನೆಯ ದಿನ ಇನೆಸ್ ಕೇಳಿದಳು, "ನನ್ನ ಎದೆಗೆ ಕಟ್ಟಿಕೊಂಡು ನಿನ್ನನ್ನ ಜಿಗಿಸಲೇ?"

"ಹೋಗ್ತೀಯೇನು?" ಎಂದ ಹನುಮೇಶ. ಸಾವಿರ ಸಲ ಜಿಗಿದವನು ಈಗ ಅವಳ ಸೆರಗಿನ ತುದಿ ಹಿಡಿದುಕೊಂಡಿದ್ದ.

"ಇಷ್ಟು ವರ್ಷ ನಾ ತೆಳಗ ನಿಂತು ನೋಡೀನಿ. ಇವತ್ತ ನೀವು ನಿಂದರ್ರಿ."

ಸೀರೆ ಬಿಟ್ಟು ಅವರು ಕೊಟ್ಟ ದಿರಿಸು ತೊಟ್ಟಳು. ಹದಿಮೂರು ಸಾವಿರ ಅಡಿಯ ಎತ್ತರದಲ್ಲಿ ಬಾಗಿಲು ತೆರೆಯಿತು. ಬೀಳುವಾಗ ಕಿರುಚಿದಳಂತೆ, ಅವಳಿಗೆ ನೆನಪಿಲ್ಲ. ಪ್ಯಾರಾಶೂಟ್ ಬಿಚ್ಚಿದ ಕೂಡಲೇ ಎಲ್ಲ ನಿಶ್ಶಬ್ದವಾಯಿತು. ಎಲ್ಲರೂ ಕೆಳಗಿನ ಭೂಮಿ ನೋಡುತ್ತಾರೆ. ನೇತ್ರಾವತಿ ತಲೆಯೆತ್ತಿ, ಗಾಳಿ ತುಂಬಿ ಬಿಗಿದ ಬಟ್ಟೆಯನ್ನೂ ಅದರ ಮೇಲೆ ಬಿಸಿಲಿಗೆ ಹೊಳೆಯುವ ಹೊಲಿಗೆಯ ಸಾಲುಗಳನ್ನೂ ನೋಡಿದಳು. ಹೊಲಿಗೆಗಳು ಉಸಿರಾಡುತ್ತಿವೆ ಎನ್ನಿಸಿತು. ಅವಳಿಗೆ ಅಳು ಬಂತು, ನಗೆಯೂ ಬಂತು.

ಹುಲ್ಲಿನ ಮೇಲೆ ಕೂತ ಭಂಗಿಯಲ್ಲೇ ಇಬ್ಬರೂ ಇಳಿದರು. ಹನುಮೇಶ ಓಡಿಬಂದು ಪಕ್ಕದಲ್ಲಿ ಮಂಡಿಯೂರಿದ. "ನೇತ್ರಾ, ಆರಾಮ ಅದೀಯಿಲ್ಲೋ? ತಲಿ ಸುತ್ತಾಕತ್ತೈತೇನು?"

ಅವಳು ಕಣ್ಣೊರೆಸಿಕೊಂಡು, ಬಯಲಿನಾಚೆ ಮತ್ತೆ ಸಜ್ಜಾಗಿ ನಿಂತಿದ್ದ ವಿಮಾನದ ಕಡೆ ನೋಡಿದಳು.

"ಇನ್ನೊಮ್ಮಿ ಕರಕೊಂಡು ಹೋಗತಾಳೇನು, ಕೇಳ್ರಿ."