ಅಮೀನಗಡದಲ್ಲಿ ನಿಲ್ಲಿಸದ ಬಸ್ಸು

ಇದನ್ನು ಬರೆಯುವುದನ್ನು ಎರಡು ವರ್ಷದಿಂದ ಮುಂದೂಡುತ್ತ ಬಂದಿದ್ದೇನೆ. ಬರೆಯಲು ಕೂತಾಗಲೆಲ್ಲ ಮೊದಲು ಕಣ್ಣಿಗೆ ಕಟ್ಟುವುದು ಆಕೆಯ ತುಟಿ. ಆ ತುಟಿಗಳ ನಡುವೆ ನಾಲ್ಕು ಸಣ್ಣ ಸ್ಕ್ರೂ ಸಾಲಾಗಿ ಇರುತ್ತಿದ್ದವು. ಕಂಪ್ಯೂಟರಿನ ಡಬ್ಬಿ ಬಿಚ್ಚಿದಾಗ ಅಲ್ಲಿಗೆ ಹೋಗುತ್ತಿದ್ದವು, ಮುಚ್ಚುವಾಗ ಒಂದೊಂದಾಗಿ ಹೊರಗೆ ಬರುತ್ತಿದ್ದವು. ನಡುವಿನ ಮಾತೆಲ್ಲ ಹಲ್ಲಿನ ಸಂದಿಯಿಂದ.

ಇಳಕಲ್ಲಿನ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಆಕೆಯ ರಿಪೇರಿ ಅಂಗಡಿ ಇತ್ತು. ನೇಕಾರರ ಮನೆಯ ಮಗಳು. ಸಣ್ಣವಳಿದ್ದಾಗ ಸೀರೆಯ ಸೆರಗಿನ ಎಳೆಗೂ ಒಡಲಿನ ಎಳೆಗೂ ಕೊಂಡಿ ಹಾಕಿ ಪಳಗಿದ ಬೆರಳುಗಳು. ಯಾವ ಕಂಪ್ಯೂಟರ್ ತಂದರೂ ಮೊದಲು ಮಗ್ಗದ ಹಳೆಯ ಬ್ರಷ್ಷಿನಿಂದ ಧೂಳು ತೆಗೆಯುತ್ತಿದ್ದಳು. "ಕೆಟ್ಟದ್ದನ್ನ ಆಮ್ಯಾಲ ಹುಡುಕೋಣು. ಮೊದಲ ಇದು ಉಸಿರಾಡ್ಲಿ" ಎನ್ನುತ್ತಿದ್ದಳು.

ನಾನು ಮೂವತ್ತೊಂದು ವರ್ಷ ಬಸ್ಸು ಓಡಿಸಿದವನು. ಬಾದಾಮಿಯಿಂದ ಪಟ್ಟದಕಲ್ಲು, ಅಮೀನಗಡ, ಹುನಗುಂದ ದಾಟಿ ಇಳಕಲ್ಲಿಗೆ ಬರುವ ಗಾಡಿ ನನ್ನದು. ನನಗೊಬ್ಬ ವೈರಿ ಇದ್ದ. ಈಗಲೂ ಇದ್ದಾನೆ. ನನ್ನ ಜೊತೆಗೇ ಕೆಲಸಕ್ಕೆ ಸೇರಿದ ಡ್ರೈವರ್. ಪಟ್ಟದಕಲ್ಲಿನ ತಿರುವಿನಲ್ಲಿ ನನ್ನ ಬಸ್ಸು ಬಂಡೆಗೆ ಉಜ್ಜಿದ ದಿನ ಅವನು ಹಿಂದಿನ ಸೀಟಿನಲ್ಲಿ ಮಲಗಿಕೊಂಡು ಬರುತ್ತಿದ್ದ. ವಿಚಾರಣೆಯಲ್ಲಿ ಮಾತ್ರ, ತಾನು ಕಣ್ಣಾರೆ ಕಂಡಂತೆ, "ಈತಗ ಜೊಂಪು ಹತ್ತಿತ್ರಿ" ಎಂದು ಹೇಳಿಕೆ ಕೊಟ್ಟ. ಜೊಂಪು ಹತ್ತಿರಲಿಲ್ಲ, ಎಮ್ಮೆ ಅಡ್ಡ ಬಂದಿತ್ತು. ಕಡೆಯ ಎರಡು ವರ್ಷ ನನಗೆ ರಸ್ತೆಯೇ ಸಿಗಲಿಲ್ಲ. ಡಿಪೋದೊಳಗೆ ತೊಳೆಯುವ ಜಾಗಕ್ಕೆ ಬಸ್ಸು ಒಯ್ಯುವುದು, ತರುವುದು, ಅಷ್ಟೇ. ನನ್ನ ರೂಟು ಅವನಿಗೆ ಹೋಯಿತು. ನಿವೃತ್ತಿಯ ದಿನ ಹಾರ ಹಾಕಿಸಿಕೊಂಡು ನಾನು ಅಂದುಕೊಂಡದ್ದು ಇಷ್ಟೇ: ಇವನ ಮುಖ ಒಮ್ಮೆಯಾದರೂ ಸಣ್ಣದಾಗುವುದನ್ನು ನೋಡಿಯೇ ಸಾಯಬೇಕು.

ಅವನ ಅಳಿಯ ದೊಡ್ಡದೊಂದು ಕಂಪ್ಯೂಟರ್ ತಂದಿಟ್ಟ. ಅದರಲ್ಲಿ ಬಸ್ಸು ಓಡಿಸುವ ಆಟ, ಜೊತೆಗೆ ಸ್ಟೇರಿಂಗು, ಬ್ರೇಕು ಎಲ್ಲ ಇತ್ತು. ಓಣಿಯಲ್ಲಿ ಹೋಗುತ್ತಿದ್ದ ನನ್ನನ್ನು ವೈರಿ ಕಿಟಕಿಯಿಂದ ಕೂಗಿದ.

"ಬಾರಲೇ, ಇದನ್ನರ ಓಡ್ಸು. ಇದರಾಗ ಎಮ್ಮಿ ಅಡ್ಡ ಬರೂದಿಲ್ಲ!"

ಒಳಗಿದ್ದವರೆಲ್ಲ ನಕ್ಕರು. ನಾನು ನಿಲ್ಲದೆ ಮನೆಗೆ ಬಂದೆ. ವಾರದೊಳಗೆ, ಮುಚ್ಚಿಹೋದ ಟೈಪಿಂಗ್ ಕ್ಲಾಸಿನಿಂದ ಹಳೆಯ ಕಂಪ್ಯೂಟರ್ ತಂದು, ಹಳೆಯ ಸ್ಟೇರಿಂಗೊಂದನ್ನು ಹುಡುಕಿ, ಎರಡನ್ನೂ ಆಕೆಯ ಮೇಜಿನ ಮೇಲೆ ಇಟ್ಟೆ.

"ಕಾಕಾ, ಇದು ಅರ್ಜಿ ಬರಿಯೋ ಮಷೀನು. ಇದರ ಮ್ಯಾಲ ಬಸ್ ಹತ್ತಸ್ತೀರೇನು?"

"ಹತ್ತಬೇಕು. ಒಬ್ಬನ ಸೊಕ್ಕ ಇಳಸೂದೈತಿ."

"ಸೊಕ್ಕ ಇಳಸಾಕ ಎಷ್ಟ ರ್‍ಯಾಮ್ ಬೇಕಂತ ನನಗ ಗೊತ್ತಿಲ್ರಿ" ಎಂದು ಸ್ಕ್ರೂಗಳ ಸಂದಿಯಿಂದಲೇ ನಕ್ಕಳು. "ನೋಡೋಣು, ಬಿಡ್ರಿ."

ಆರು ಮಧ್ಯಾಹ್ನ ಕೂತಳು. ಮೊದಲ ದಿನ ಬಸ್ಸು ಹೆಜ್ಜೆ ಇಟ್ಟು ನಿಲ್ಲುತ್ತಿತ್ತು, ಮತ್ತೆ ಹೆಜ್ಜೆ ಇಟ್ಟು ನಿಲ್ಲುತ್ತಿತ್ತು. ಸತ್ತ ಕಂಪ್ಯೂಟರೊಂದರಿಂದ ರ್‍ಯಾಮ್ ಕಿತ್ತು ಇದಕ್ಕೆ ಹಾಕಿದಳು. ಚಿತ್ರವನ್ನು ಸಣ್ಣದು ಮಾಡಿದಳು. ಗಿಡಗಳ ನೆರಳು ತೆಗೆದಳು, ಮಳೆ ತೆಗೆದಳು, ಹುಲ್ಲು, ದೂರದ ಗುಡ್ಡ ತೆಗೆದಳು. ಒಂದೊಂದು ತೆಗೆದಾಗಲೂ "ಈಗ ಓಡ್ಸ್ರಿ" ಎನ್ನುವಳು. ಆಗ ಆಕೆ ಪರದೆ ನೋಡುತ್ತಿರಲಿಲ್ಲ, ನನ್ನ ಬಲಗಾಲು ನೋಡುತ್ತಿದ್ದಳು. ಬಸ್ಸು ಜಗ್ಗಿದಾಗಲೆಲ್ಲ ನನ್ನ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತಿತ್ತು. ಕಾಲು ಸುಮ್ಮನಿದ್ದರೆ ಗಾಡಿ ಸರಿಯಾಗಿದೆ ಎಂಬುದು ಆಕೆಯ ಲೆಕ್ಕ.

ಆಟದ ಸ್ಟಾಪುಗಳಿಗೆ ನನ್ನ ರೂಟಿನ ಊರುಗಳ ಹೆಸರನ್ನು ಆಕೆಯೇ ಕನ್ನಡದಲ್ಲಿ ಬರೆದಿದ್ದಳು.

"ಅಮೀನಗಡದಾಗ ಇಷ್ಟು ತೆಂಗಿನ ಗಿಡ ಎಲ್ಲಿಂದ ಬಂದ್ವು?" ಎಂದು ಕೇಳಿದೆ.

"ರೋಡು ಕೇರಳದ್ದು ಕಾಕಾ. ಬೋರ್ಡಷ್ಟ ನಮ್ದು."

ಆ ಮಾತಿನ ಮೇಲೆಯೇ ನಾನು ನನ್ನಾಕೆಯ ವಿಷಯ ಹೇಳಿದೆ. ಆಗ ನಮ್ಮ ಮನೆ ಅಮೀನಗಡದಲ್ಲಿತ್ತು. ನನ್ನ ಗಾಡಿ ಬರುವ ಹೊತ್ತಿಗೆ ಆಕೆ ಸ್ಟಾಪಿನಲ್ಲಿ ಬುತ್ತಿಯ ಗಂಟು ಹಿಡಿದು ನಿಂತಿರುತ್ತಿದ್ದಳು. ಹಸಿರು ಸೀರೆ, ಕೆಂಪು ಸೆರಗು. ತೀರಿಕೊಂಡು ಒಂಬತ್ತು ವರ್ಷ. ಕೆಲಸದ ನಡುವೆ ಆಡಿದ ಮಾತು, ನಾನೇ ಮರೆತೆ.

ಆರನೆಯ ದಿನ ಅಂಗಡಿಯಾಕೆ, "ಸ್ಟಾಪಿನ್ಯಾಗ ಮಂದಿ ಬಂದಕೂಡ್ಲೆ ಇದಕ್ಕ ಉಬ್ಬಸ ಹತ್ತತೈತಿ. ಮಂದಿನ ತೆಗೀಬೇಕಾಗ್ತೈತಿ ಕಾಕಾ. ಒಂದಿನಾ ಬಿಟ್ಟು ಬರ್ರಿ" ಎಂದಳು. ಹೂಂ ಎಂದೆ. ನನ್ನ ಕಿವಿಯಲ್ಲಿ ವೈರಿಯ ನಗು ಬಿಟ್ಟು ಬೇರೇನೂ ಇರಲಿಲ್ಲ. ಹೋದಾಗ ಬಸ್ಸು ನೀರಿನಂತೆ ಹರಿಯಿತು. ಎತ್ತಿಕೊಂಡು ಹೊರಟವನಿಗೆ ಹಿಂದಿನಿಂದ ಕೂಗಿ ಹೇಳಿದಳು: "ಅಮೀನಗಡದಾಗ ನಿಂದ್ರಸ್ರಿ ಕಾಕಾ, ಮರೀಬ್ಯಾಡ್ರಿ!"

ವೈರಿಯನ್ನು ಮನೆಗೆ ಕರೆದೆ. ಅವನೆದುರು ಬಾದಾಮಿ ಬಿಟ್ಟೆ. ಎರಡು ವರ್ಷ ಕಿತ್ತುಕೊಂಡ ರಸ್ತೆಯನ್ನು ಅವನ ಕಣ್ಣ ಮುಂದೆಯೇ ಓಡಿಸಿ, ಅವನು ಎಂದೂ ಮುಟ್ಟದ ಹೊತ್ತಿಗೆ ಇಳಕಲ್ ಮುಟ್ಟಬೇಕೆಂಬ ಹಟ. ಅಮೀನಗಡದಲ್ಲಿ ನಿಲ್ಲಿಸಲಿಲ್ಲ, ತಿರುಗಿಯೂ ನೋಡಲಿಲ್ಲ. ನಾಲ್ಕು ನಿಮಿಷ ಮೊದಲೇ ಮುಟ್ಟಿದೆ. ಹೆಮ್ಮೆಯಿಂದ ಅವನ ಮುಖ ನೋಡಿದೆ. ಅವನು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

"ಖಾಲಿ ಬಸ್ ತಂದೀಯಲ್ಲೋ! ಡಿಪೋದಾಗಿಂದ ತೊಳಿಯಾಕ ಒಯ್ದಂಗ! ನಮ್ಮನ್ಯಾಗ ಮಂದಿ ಹತ್ತತಾರ, ಮಳಿ ಬೀಳತೈತಿ. ಯಾರಲೇ ನಿನಗ ಟೋಪಿ ಹಾಕಿದ್ದು?"

ಅವನ ಮೇಲೆ ಹಗೆ ಹೊತ್ತು ದಣಿದಿದ್ದೆ. ಆ ಹಗೆಗೆ ಇಳಿಯಲು ಒಂದು ಹತ್ತಿರದ ಜಾಗ ಸಿಕ್ಕಿತು.

ಮರುದಿನ ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಇದ್ದವರೆಲ್ಲ ಕೇಳುವಂತೆ, ಆಕೆಯ ಹೆಸರು ಹಿಡಿದು ಮೋಸಗಾತಿ ಎಂದೆ. ಸೀರೆ ಅಂಗಡಿಯ ಮಾಲೀಕನೊಬ್ಬ ನನ್ನ ಗೆಳೆಯ. ಅವನ ಮೂರು ಬಿಲ್ಲಿಂಗ್ ಕಂಪ್ಯೂಟರಿನ ದೇಖರೇಖಿ ಆಕೆಯದು. ಅವನ ಪಕ್ಕದಲ್ಲಿ ಕೂತು ಹೇಳಿದೆ: "ಆಕಿ ಒಳಗಿದ್ದದ್ದನ್ನ ತೆಗೀತಾಳೋ ಮಾರಾಯ. ನನ್ನ ಗಾಡ್ಯಾಗಿನ ಮಂದಿನೆಲ್ಲಾ ತೆಗದಾಳ. ನಿನ್ನ ಬಿಲ್ಲಿನ್ಯಾಗ ಏನ ತೆಗದಾಳೋ ನೋಡ್ಕೋ."

ಬಿಲ್ಲಿನ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲವೆಂಬುದು ಗೊತ್ತಿದ್ದೇ ಹೇಳಿದೆ. ವಿಚಾರಣೆಯ ದಿನ ವೈರಿಯ ಮುಖ ಹೇಗಿತ್ತೋ, ಅವತ್ತು ನನ್ನ ಮುಖವೂ ಹಾಗೇ ಇದ್ದಿರಬೇಕು. ಆ ಅಂಗಡಿಯ ಕೆಲಸ ಆಕೆಯ ಕೈಬಿಟ್ಟಿತು. ಅದನ್ನು ನೋಡಿ ಉಳಿದವರದೂ.

ಆಕೆ ನಮ್ಮ ಬಾಗಿಲಿಗೆ ಬಂದಳು. ತುಟಿಯಲ್ಲಿ ಸ್ಕ್ರೂ ಇಲ್ಲದ ಆಕೆಯನ್ನು ನೋಡಿದ್ದು ಅದೇ ಮೊದಲು.

"ನಾ ಏನ ತೆಗದೀನಿ ಕಾಕಾ? ಹೇಳೇ ತೆಗದಿದ್ದೆನಲ್ಲ."

"ನನ್ನ ಜೋಡಿ ಮಾತಾಡಬ್ಯಾಡ."

"ಅಮೀನಗಡದಾಗ ನಿಂದ್ರಸಿದ್ರೇನು?"

ಅಣಕಿಸುತ್ತಿದ್ದಾಳೆ ಎಂದುಕೊಂಡು ಬಾಗಿಲು ಹಾಕಿದೆ. ಮೂರು ತಿಂಗಳಲ್ಲಿ ಆಕೆಯ ಅಂಗಡಿ ಮುಚ್ಚಿತು, ಬಾಗಲಕೋಟೆಯಲ್ಲಿ ಯಾರದೋ ಅಂಗಡಿಯಲ್ಲಿ ಕೆಲಸಕ್ಕೆ ಸೇರಿದಳು ಎಂದು ಕೇಳಿದೆ. ನನಗೆ ಖುಷಿಯಾಯಿತು, ಸುಳ್ಳು ಹೇಳುವುದಿಲ್ಲ. ಬೀಗ ನೋಡಲೆಂದೇ ಆ ಓಣಿಗೆ ಎರಡು ಸಲ ಹೋದೆ.

ಆಮೇಲೆ, ತೆಗೆದ ಮಂದಿಯನ್ನು ಮರಳಿ ಹಾಕಿಸಲು, ಕಂಪ್ಯೂಟರನ್ನು ಹುನಗುಂದದ ರಿಪೇರಿಯವನ ಬಳಿ ಒಯ್ದೆ. ಅವನು ಎಲ್ಲವನ್ನೂ ಮರಳಿ ಹಾಕಿದ. ಬಸ್ಸು ಬಾದಾಮಿಯಲ್ಲೇ ನಿಂತುಬಿಟ್ಟಿತು. ಮತ್ತೆ ಮೊದಲಿನಂತೆ ಮಾಡಿ ಬಹಳ ಹೊತ್ತು ನೋಡಿದ.

"ಖರೆ ಹೇಳ್ತೇನ್ರಿ, ಈ ಆಟ ಇದರ ಮ್ಯಾಲ ಓಡಬಾರದು. ಯಾರೋ ಕುಂತು ಒಂದೊಂದ ತೂಕ ಇಳಿಸ್ಯಾರ. ಭಾಳ ತಾಳ್ಮಿ ಬೇಕು." ಪರದೆಗೆ ಬೆರಳು ತೋರಿಸಿ, "ಆದ್ರ ಇದೇನು? ಎಲ್ಲಾ ಸ್ಟಾಪಿನ್ಯಾಗೂ ಮಂದಿಗೆ ಸೊನ್ನಿ ಹಾಕ್ಯಾರ. ಅಮೀನಗಡಕ್ಕಷ್ಟ ಒಂದು ಬಿಟ್ಟಾರ. ಅದಕ್ಕ ಬ್ಯಾರೆ ಸೀರಿ ಬಣ್ಣಾ ಬಳದಾರ. ಇಷ್ಟಕ್ಕ ಒಂದಿಡೀ ದಿನ ಹಿಡದಿರ್ತೈತಿ. ಯಾಕಂತ?" ಎಂದ.

ನಾನು ಅಲ್ಲೇ ಸ್ಟೇರಿಂಗ್ ಹಿಡಿದು ಓಡಿಸಿದೆ. ತೆಂಗಿನ ಗಿಡ ದಾಟಿದ ಮೇಲೆ ಅಮೀನಗಡದ ಬೋರ್ಡು ಬಂತು. ಕೆಳಗೆ ಒಬ್ಬಳೇ ನಿಂತಿದ್ದಳು. ಮುಖ ಯಾರದೂ ಅಲ್ಲ, ಬೊಂಬೆಯ ಮುಖ. ಹಸಿರು ಸೀರೆ, ಕೆಂಪು ಸೆರಗು, ಕೈಯಲ್ಲೊಂದು ಗಂಟು. ಬ್ರೇಕು ಒತ್ತಿದೆ. ಬಾಗಿಲು ತೆರೆಯುವ ಗುಂಡಿ ಯಾವುದೆಂದು ಗೊತ್ತಿರಲಿಲ್ಲ. ಅಲ್ಲಿಯವರೆಗೆ ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

ಮರುವಾರ ಬಾಗಲಕೋಟೆಗೆ ಹೋದೆ. ಆಕೆ ಮೇಜಿನ ಹಿಂದೆ ಕೂತಿದ್ದಳು, ತುಟಿಯಲ್ಲಿ ಸ್ಕ್ರೂ. ತಲೆ ಎತ್ತಿ ನೋಡಿದಳು. ಗುರುತು ಹಿಡಿದಳು. ಸ್ಕ್ರೂಗಳನ್ನು ಒಂದೊಂದಾಗಿ ಅಂಗೈಗೆ ತೆಗೆದುಕೊಂಡು ಕೇಳಿದಳು:

"ಬರ್ರಿ ಕಾಕಾ. ಏನ ಕೆಟ್ಟೈತಿ?"

ದಾರಿಯುದ್ದಕ್ಕೂ ಕ್ಷಮೆಯ ಮಾತು ಜೋಡಿಸಿಕೊಂಡು ಬಂದಿದ್ದೆ.

"ಏನೂ ಕೆಟ್ಟಿಲ್ಲವಾ. ಒಂದು ಮೌಸ್ ಬೇಕಾಗಿತ್ತು."

ಆಕೆ ಮೌಸ್ ತೆಗೆದು, ಜೋಡಿಸಿ, ಓಡುತ್ತದೆಂದು ಖಾತ್ರಿ ಮಾಡಿಕೊಂಡೇ ಕೊಟ್ಟಳು. ಅದು ಇನ್ನೂ ಪೊಟ್ಟಣದಲ್ಲೇ ಇದೆ. ವೈರಿಯನ್ನು ನಾನು ಈವರೆಗೂ ಕ್ಷಮಿಸಿಲ್ಲ. ಅವನು ನನ್ನ ಬಾಗಿಲಿಗೆ ಬಂದು ನಿಂತರೂ ಕ್ಷಮಿಸಲಾರೆ. ಹಾಗಿರುವಾಗ ಆಕೆಯೆದುರು ಯಾವ ಬಾಯಿಂದ ಕೇಳಲಿ?

ಆದರೆ ಇಷ್ಟನ್ನಾದರೂ ಮಾಡಬೇಕು. ಚಹಾದಂಗಡಿಯಲ್ಲಿ ಆಕೆಯ ಹೆಸರನ್ನು ಎಲ್ಲರಿಗೂ ಕೇಳುವಂತೆ ಕೂಗಿದವನು ನಾನು. ಇಲ್ಲಿ ಈವರೆಗೆ ಅದನ್ನು ಬರೆಯಲು ಕೈ ಏಳಲಿಲ್ಲ. ಅವತ್ತು ಅಲ್ಲಿ ಕೂತು ಕೇಳಿದವರು ಇದನ್ನೂ ಕೇಳಲಿ. ಯಾರ ಕಂಪ್ಯೂಟರಿನಿಂದಲೂ ಏನನ್ನೂ ಕದಿಯದ, ನನ್ನ ಖಾಲಿ ಬಸ್ಸಿಗೆ ಒಬ್ಬಳನ್ನು ಉಳಿಸಿಕೊಟ್ಟ ಆಕೆಯ ಹೆಸರು ನೀಲಮ್ಮ.