ಅಣ್ಣನ ಮಗ್ಗಕ್ಕೆ ಕಣ್ಣು ಬಂದ ದಿನ

ಹೊಸಕೋಟೆಯಿಂದ ಬೆಳಗ್ಗೆ ಏಳೂವರೆಗೆ ಹೊರಟೆ. ಕಂಡಕ್ಟರ್ ನನ್ನ ಆಧಾರ್ ಕಾರ್ಡ್ ನೋಡಿ ಹೆಂಗಸರ ಉಚಿತ ಟಿಕೆಟ್ ಕೊಟ್ಟರು. ಅತ್ತಿಗೆಗೆಂದು ಒಯ್ಯುತ್ತಿದ್ದ ಹೂಕೋಸಿನ ಚೀಲಕ್ಕೆ ಮಾತ್ರ ಹತ್ತು ರೂಪಾಯಿ ಲಗೇಜು ಹಾಕಿದರು. ಹೂಕೋಸು ಗಂಡಸರ ಲೆಕ್ಕಕ್ಕೆ ಸೇರುತ್ತದೆಂದು ಕಾಣುತ್ತದೆ.

ದೊಡ್ಡಬಳ್ಳಾಪುರದಲ್ಲಿ ನನ್ನ ಅಣ್ಣ ನಾಗರಾಜ ಮನೆಯ ಹಿಂದೆ ಎರಡು ವಿದ್ಯುತ್ ಮಗ್ಗ ಇಟ್ಟುಕೊಂಡು ರೇಷ್ಮೆ ಸೀರೆ ನೇಯುತ್ತಾನೆ. ಮೂವತ್ತು ವರ್ಷ ಆ ಸದ್ದಿನಲ್ಲೇ ಬದುಕಿ ಅವನ ಕಿವಿ ಮಂದವಾಗಿದೆ. ಎಳೆ ಕಿತ್ತುಹೋದರೆ ಮಗ್ಗದ ಸದ್ದು ತುಸು ಬದಲಾಗುತ್ತದೆ, ನೇಕಾರ ಅದನ್ನು ಕೇಳಿಯೇ ಮಗ್ಗ ನಿಲ್ಲಿಸುತ್ತಾನೆ. ಅಣ್ಣನಿಗೆ ಅದು ಕೇಳಿಸದೆ ಮೂರು ಸೀರೆ ಕೆಟ್ಟಿದ್ದವು. ನಾಲ್ಕನೆಯದೂ ಕೆಟ್ಟರೆ ಇನ್ನು ನೂಲು ಕೊಡುವುದಿಲ್ಲ ಎಂದು ಸೀರೆ ನೇಯಿಸಿಕೊಳ್ಳುವ ವ್ಯಾಪಾರಿ ಹೇಳಿ ಹೋಗಿದ್ದರು. ನೂಲಿಲ್ಲವೆಂದರೆ ಮಗ್ಗ ಮಾರುವುದೇ ಸರಿ.

ದೇವನಹಳ್ಳಿಯಲ್ಲಿ ಬಸ್ಸು ಬದಲಿಸುವ ಮೊದಲು ನಲವತ್ತು ರೂಪಾಯಿಗೆ ಇಡ್ಲಿ ತಿಂದೆ. ಚಟ್ನಿಯಲ್ಲಿ ನೀರೇ ಹೆಚ್ಚು. ಮೋಡ ಕವಿದಿತ್ತು, ದಾರಿಯುದ್ದಕ್ಕೂ ಸೈಟು ಮಾರುವ ಬೋರ್ಡುಗಳು. ಹನ್ನೊಂದಕ್ಕೆ ಅಣ್ಣನ ಬೀದಿ ಮುಟ್ಟಿದೆ.

ನಾನು ಹೋಗುವಷ್ಟರಲ್ಲಿ ಎರಡನೇ ಮಗ್ಗದ ಮೇಲೆ ಪುಟ್ಟ ಕ್ಯಾಮೆರಾ ಕೂರಿಸಿದ್ದರು. ಬಟ್ಟೆಯಲ್ಲಿ ತಪ್ಪು ಕಂಡರೆ ಅಣ್ಣನ ಮಣಿಕಟ್ಟಿನ ಪಟ್ಟಿ ನಡುಗಬೇಕು. ಅದನ್ನು ತಂದಿದ್ದ ಇಂಜಿನಿಯರ್ ಶ್ವೇತಾ ದೇವನಹಳ್ಳಿ ಕಡೆಯವಳೇ. ಆ ಮಗ್ಗದಲ್ಲಿ ಸೀರೆ ಮುಗಿದು ಎರಡು ಮೊಳ ನೂಲು ಉಳಿದಿತ್ತು. ಪರೀಕ್ಷೆಗೆ ಅದನ್ನು ಓಡಿಸಿದರೆ ಪಟ್ಟಿ ಬುಟ್ಟಾ ಹೂಗಳನ್ನೇ ತಪ್ಪೆಂದು ಬಗೆದು ಒಂದೊಂದಕ್ಕೂ ನಡುಗತೊಡಗಿತು.

ಅಣ್ಣ ನಕ್ಕ. "ನಂಗೆ ಕಿವಿ ಇಲ್ಲ, ಇದಕ್ಕೆ ಕಣ್ಣಿಲ್ಲ. ಒಳ್ಳೇ ಜೋಡಿ ಕಣಮ್ಮ."

ಶ್ವೇತಾ ಅವನ ಕಿವಿಯ ಹತ್ತಿರ ಬಂದು ಜೋರಾಗಿ ಹೇಳಿದಳು. "ಅದಿನ್ನೂ ತಪ್ಪು ಅಂದ್ರೇನು ಅಂತ ನೋಡೇ ಇಲ್ಲ ಅಂಕಲ್. ನೀವೇ ಒಂದಷ್ಟು ಎಳೆ ಕಿತ್ತು ತೋರಿಸ್ಬೇಕು."

ಅಣ್ಣನ ನಗು ನಿಂತಿತು. ಕೈ ಮುಂದೆ ಚಾಚಿದ, ಹಿಂದಕ್ಕೆ ತೆಗೆದ. "ಕಿತ್ತೋಗಿದ್ದನ್ನ ಕಟ್ಟೋದು ಗೊತ್ತು. ಬೇಕಂತ್ಲೇ ಕೀಳೋಕೆ ಕೈ ಬರಲ್ಲ ಕಣಮ್ಮ. ಅನ್ನ ಕೊಟ್ಟಿರೋದು ಇದು."

ಇವನ ಹಟ ನನಗೆ ಗೊತ್ತು, ಆಗಲ್ಲ ಎಂದರೆ ಮುಗಿಯಿತು. ಅತ್ತಿಗೆ ಸರಸಮ್ಮ ಮಾತ್ರ ಬಾಗಿಲಲ್ಲೇ ನಿಂತು ಕೂಗಿ ಹೇಳಿದರು. "ಒಂದೆಳೆ ಉಳಿಸ್ಕೊಂಡು ಮಗ್ಗ ಕಳ್ಕೊಂತೀರಾ?"

ಅಣ್ಣ ಮಗ್ಗ ಮುಟ್ಟಿ ಕಣ್ಣಿಗೊತ್ತಿಕೊಂಡು ಒಂದು ಎಳೆ ಕಿತ್ತ. ಆಮೇಲೆ ಇನ್ನೊಂದು. ಮೂರು ಗಂಟೆಯ ಹೊತ್ತಿಗೆ ಮೇಷ್ಟರಾಗಿಬಿಟ್ಟಿದ್ದ. "ಇದು ಸಡಿಲ ಬಿದ್ದಿದ್ದು, ಇದು ಪಕ್ಕದೆಳೆಗೆ ಸಿಕ್ಕಿದ್ದು, ಎರಡೂ ಬ್ಯಾರೆ ಬ್ಯಾರೆ, ಬರ್ಕೊ" ಎಂದು ಶ್ವೇತಾಳಿಗೇ ಗೊತ್ತಿಲ್ಲದ ತಪ್ಪುಗಳನ್ನು ಕಲಿಸುತ್ತಿದ್ದ. ಅವಳು ಒಂದೊಂದನ್ನೂ ಲ್ಯಾಪ್‌ಟಾಪಿಗೆ ಸೇರಿಸಿದಳು.

ನಾಲ್ಕೂವರೆಗೆ ಕ್ಯಾಮೆರಾವನ್ನು ಮೊದಲನೇ ಮಗ್ಗಕ್ಕೆ ಬದಲಿಸಿ, ಅದರಲ್ಲಿದ್ದ ಆ ನಾಲ್ಕನೇ ಸೀರೆಯನ್ನು ಓಡಿಸಿದರು. ಬುಟ್ಟಾಗಳು ಒಂದರ ಹಿಂದೊಂದು ಬಂದವು, ಪಟ್ಟಿ ಸುಮ್ಮನಿತ್ತು. ಸುಮಾರು ಹೊತ್ತಾದ ಮೇಲೆ, ಅಣ್ಣ ಬೆನ್ನು ತಿರುಗಿಸಿ ನೀರು ಕುಡಿಯುತ್ತಿದ್ದಾಗ ಪಟ್ಟಿ ನಡುಗಿತು. ಲೋಟ ಅಲ್ಲೇ ಇಟ್ಟು ಓಡಿ ಮಗ್ಗ ನಿಲ್ಲಿಸಿದ. ಒಂದೇ ಒಂದು ಎಳೆ ಕಿತ್ತುಹೋಗಿತ್ತು. ಅವನು ಗಂಟು ಹಾಕುವುದನ್ನು ನೋಡುತ್ತಾ ನನಗೆ ಕಣ್ಣು ತುಂಬಿ ಬಂತು.

ರಾತ್ರಿ ಅಲ್ಲೇ ಉಳಿದೆ. ಮಾರನೇ ದಿನ ಮಧ್ಯಾಹ್ನ ವ್ಯಾಪಾರಿ ಬಂದು, ನೇಯ್ದು ಮುಗಿದ ಸೀರೆಯನ್ನು ಅಂಗಳದ ಬೆಳಕಿಗೆ ಹಿಡಿದು ಅಂಚಿನಿಂದ ಅಂಚಿಗೆ ನೋಡಿದರು. ಕೊನೆಗೆ ಮಡಿಸುತ್ತಾ ಮೆಲ್ಲಗೆ, "ಸೋಮವಾರ ನೂಲು ಕಳಿಸ್ತೀನಿ" ಎಂದು ಹೊರಟರು.

ನನ್ನ ಬಸ್ಸಿಗೂ ಹೊತ್ತಾಗಿತ್ತು. ಅಣ್ಣ ಬೀದಿಯ ತಿರುವಿನವರೆಗೂ ಜೊತೆಗೆ ಬಂದು, "ಅವ್ರು ಏನಂದ್ರು?" ಎಂದು ಕೇಳಿದ. ನೂಲು ಕಳಿಸುತ್ತಾರಂತೆ ಎಂದು ಅವನ ಕಿವಿಯಲ್ಲಿ ಕೂಗಿದೆ.

"ಏನು?"

ಮತ್ತೆ ಕೂಗಿದೆ. ಬೀದಿಯವರೆಲ್ಲ ತಿರುಗಿ ನೋಡಿದರು. ಮೊದಲನೇ ಸಲವೇ ಅವನಿಗೆ ಕೇಳಿಸಿತ್ತು, ಮುಖದಲ್ಲೇ ಗೊತ್ತಾಗುತ್ತಿತ್ತು. ಆದರೂ ಬಸ್ಸು ಬರುವವರೆಗೆ ನನ್ನಿಂದ ಮೂರು ಸಲ ಹೇಳಿಸಿಕೊಂಡ.